ಸಿಟ್ಟಿನ ಜರಡಿ

ನಮ್ಮೂರಲ್ಲಿ ಜಗಳಕ್ಕೂ ಒಂದು ಕಾಲ ಅಂತ ಇತ್ತು. ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಕೆಂಪು ದೀಪ ಉರಿಯುತ್ತಿದ್ದರೆ ನೆಲದಡಿಯಲ್ಲಿ ಬಳೆ ತಿರುಗುತ್ತಿದೆ ಎಂದರ್ಥ. ಆಗ ಯಾರೂ ಯಾರ ಮೇಲೂ ಸಿಟ್ಟಾಗುವ ಹಾಗಿರಲಿಲ್ಲ. ದೀಪ ಆರಿದ ಮೇಲೆ ಆಗಬಹುದಿತ್ತು. ಬಳೆ ಎಂದರೆ ಊರನ್ನು ಸುತ್ತುವರಿದು ನೆಲದೊಳಗೆ ಕೊರೆದ ಸುರಂಗ. ಅದರಲ್ಲಿ ಕಣ್ಣಿಗೆ ಕಾಣದ ಕಣಗಳ ಎರಡು ಪ್ರವಾಹಗಳು ಎದುರುಬದುರಾಗಿ ಓಡಿಬಂದು, ಅದರ ಹಾದಿಯಲ್ಲಿ ತೋಡಿದ ನಮ್ಮ ಗುಂಡಿಯಲ್ಲಿ ಢಿಕ್ಕಿ ಹೊಡೆಯುತ್ತಿದ್ದವು. ಢಿಕ್ಕಿಯಲ್ಲಿ ಸಿಡಿದ ಚೂರುಗಳು ಎತ್ತೆತ್ತ ಹೋದವು ಎಂದು ಗುರುತು ಹಿಡಿಯುವುದು ಗುಂಡಿಯಲ್ಲಿ ಕೂತ, ಐದಾರು ಅಂತಸ್ತಿನ ಕಟ್ಟಡದಷ್ಟು ಎತ್ತರದ ಡಿಟೆಕ್ಟರಿನ ಕೆಲಸ. ಅದು ಆ ಚೂರುಗಳ ಜೊತೆಗೆ ಊರಿನವರ ಸಿಟ್ಟನ್ನೂ ಗುರುತು ಹಿಡಿಯುತ್ತಿತ್ತು. ಯಾವುದೋ ಬೀದಿಯಲ್ಲಿ ಯಾರೋ ಯಾರ ಮೇಲೋ ಕೆಂಡವಾದರೆ, ನಮ್ಮ ಪರದೆಯ ಮೇಲೆ ಎಲ್ಲೂ ಇಲ್ಲದ ಕಣವೊಂದು ಸರ್ರನೆ ಗೆರೆ ಎಳೆದು ಹೋಗುತ್ತಿತ್ತು. ವರ್ಷಗಟ್ಟಲೆ ಕಾದ ಲೆಕ್ಕಾಚಾರವೆಲ್ಲ ಆ ಒಂದು ಗೆರೆಯಿಂದ ಕೆಡುತ್ತಿತ್ತು.

ಊರು ಇದಕ್ಕೆ ಹೊಂದಿಕೊಂಡಿತ್ತು. ಮದುವೆಗಳನ್ನೆಲ್ಲ ದೀಪ ಉರಿಯುವ ತಿಂಗಳುಗಳಲ್ಲೇ ಇಟ್ಟುಕೊಳ್ಳುತ್ತಿದ್ದರು, ಗಂಡಿನ ಕಡೆಯವರು ಮುನಿಸಿಕೊಳ್ಳುವಂತಿರಲಿಲ್ಲವಲ್ಲ. ಆಸ್ತಿ ಪಾಲು, ಬೇಲಿ ತಕರಾರು, ಅತ್ತೆ ಸೊಸೆಯರ ಮಾತುಕತೆ ಎಲ್ಲ ಬಳೆ ನಿಲ್ಲಿಸುವ ಚಳಿಗಾಲದ ನಿಲುಗಡೆಗೆ. ಮರೆತುಹೋಗದಿರಲಿ ಎಂದು ಹೆಂಗಸರು ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಳ್ಳುತ್ತಿದ್ದರು; ದೀಪ ಆರುವ ಹೊತ್ತಿಗೆ ಕೆಲವರ ಸೆರಗು ಮೊಣಕಾಲಿನವರೆಗೂ ಬರುತ್ತಿರಲಿಲ್ಲ. ದೀಪ ಆರಿದ ದಿನ ಬೆಳಿಗ್ಗೆ ಊರಾಚೆಯಿಂದ ಬರುವವರಿಗೆ ನಮ್ಮೂರು ಸಂತೆಯ ಹಾಗೆ ಕೇಳಿಸುತ್ತಿತ್ತು.

ನಾನು ಗುಂಡಿಯ ಕಂಟ್ರೋಲ್ ರೂಮಿನಲ್ಲಿ ದಾಖಲೆಯ ವಿಭಾಗದಲ್ಲಿದ್ದೆ. ನನ್ನ ಪಕ್ಕದ ಮೇಜು ಇಂದುಧರನದು. ಮನೆಯೂ ಪಕ್ಕಪಕ್ಕವೇ, ನಡುವೆ ಒಂದೇ ಗೋಡೆ. ಈ ಕಥೆ ಅವನದು ಮತ್ತು ಅವನ ಹೆಂಡತಿ ವಾರಿಜಾಳದು. ನಾನು ಹತ್ತಿರದಿಂದ ನೋಡಿದವನು, ಅಷ್ಟೆ.

ಇಂದುಧರನ ಕೆಲಸ ಪರದೆಯ ಮೇಲೆ ಬಂದ ಸುಳ್ಳು ಗೆರೆ ಯಾವ ಮನೆಯದು ಎಂದು ಕಂಡುಹಿಡಿದು, ಅಲ್ಲಿಗೆ ಹೋಗಿ, ಸಿಟ್ಟಾದವರನ್ನು ಸಮಾಧಾನ ಮಾಡಿ ಬರುವುದು. ಅವನಂಥ ತಾಳ್ಮೆಯ ಮನುಷ್ಯನನ್ನು ನಾನು ಕಂಡಿಲ್ಲ. ಹೋದವನು ಬುದ್ಧಿ ಹೇಳುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಜಗಲಿಯ ಮೇಲೆ ಕೂತು, "ಏನಾಯ್ತು ಹೇಳಿ" ಅನ್ನುತ್ತಿದ್ದ. ಅವರು ಹೇಳುತ್ತಿದ್ದರು. ಇವನು ಕೇಳುತ್ತಿದ್ದ. ಕಾಫಿ ಬರುತ್ತಿತ್ತು. ಅಷ್ಟು ಹೊತ್ತಿಗೆ ನನ್ನ ಪರದೆ ತಿಳಿಯಾಗಿರುತ್ತಿತ್ತು. ಊರಿನವರು ಅವನನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು, ಅವನು ಯಾರಿಗೂ ಪಾಠ ಹೇಳಿದವನಲ್ಲದಿದ್ದರೂ. ದೀಪ ಉರಿಯುವಷ್ಟು ಕಾಲ ಅವನು ಊರಿನವರ ಜಗಲಿಯ ಮೇಲಿರುತ್ತಿದ್ದ. ದೀಪ ಆರಿದೊಡನೆ ರಿಪೇರಿ ಕೆಲಸಕ್ಕೆ ಗುಂಡಿಯೊಳಗೆ ಇಳಿಯುತ್ತಿದ್ದ. ಹಾಗಾಗಿ ಮದುವೆಯಾದಾಗಿನಿಂದ ಗಂಡ ಹೆಂಡತಿ ಒಮ್ಮೆಯೂ ಜಗಳವಾಡಿರಲಿಲ್ಲ. "ನೋಡಿ ಅವರನ್ನ, ಕಲೀರಿ" ಎಂದು ನನ್ನ ಹೆಂಡತಿ ಸರ್ವಮಂಗಳ ಪ್ರತಿ ನಿಲುಗಡೆಯಲ್ಲೂ ನನಗೆ ಹೇಳುತ್ತಿದ್ದಳು, ಜಗಳದ ನಡುವೆ.

ವಾರಿಜಾ ಕೂಡ ಅದೇ ಗುಂಡಿಯವಳು. ಓದಿನಲ್ಲಿ ಇಂದುಧರನಿಗಿಂತ ಒಂದು ಕೈ ಮೇಲೆಯೇ. ಡಿಟೆಕ್ಟರಿನ ಒಡಲಿನಲ್ಲಿ, ಢಿಕ್ಕಿಯ ಜಾಗಕ್ಕೆ ಅತಿ ಹತ್ತಿರದಲ್ಲಿರುವ ಸಿಲಿಕಾನ್ ಬಿಲ್ಲೆಗಳ ಪದರ ಅವಳ ವಿಷಯ. ಮಗಳು ಇಳಾ ಹುಟ್ಟಿದ ಮೇಲೆ ಬಡ್ತಿಯ ಮೆಟ್ಟಿಲು ಹತ್ತುವುದು ನಿಂತುಹೋಗಿ, ಧೂಳಿಲ್ಲದ ಕೋಣೆಯಲ್ಲಿ ಬಿಲ್ಲೆಗಳಿಗೆ ತಂತಿ ಬೆಸೆಯುವವರ ಜೊತೆ ಕೂತವಳು ಅಲ್ಲೇ ಉಳಿದಿದ್ದಳು. ಅವಳ ಕೈಕೆಳಗೆ ಕಲಿತವರು ಅವಳ ಮೇಲಿನ ಹುದ್ದೆಗೆ ಹೋದರು. ಅವಳೇನೂ ಅನ್ನುತ್ತಿರಲಿಲ್ಲ. ಅನ್ನಬೇಕೆಂದಾಗಲೆಲ್ಲ ದೀಪ ಉರಿಯುತ್ತಿತ್ತು.

ಹೀಗಿರುವಾಗ ದೊಡ್ಡ ನಿಲುಗಡೆ ಬಂತು. ಹಳೆಯ ಡಿಟೆಕ್ಟರ್ ಕಣಗಳ ಪೆಟ್ಟು ತಿಂದು ತಿಂದು ಕುರುಡಾಗುತ್ತಿತ್ತು. ಮೇಲಾಗಿ, ಇನ್ನು ಮುಂದೆ ಢಿಕ್ಕಿಗಳನ್ನು ಹತ್ತಾರು ಪಟ್ಟು ಹೆಚ್ಚಿಸಬೇಕು ಎಂದು ದೂರದ ರಾಜಧಾನಿಯ ಮೇಲ್ಸಮಿತಿ ತೀರ್ಮಾನಿಸಿತ್ತು. ಅಷ್ಟನ್ನು ಹಿಡಿದಿಡಲು ಹಳೆಯ ಕಂಪ್ಯೂಟರುಗಳಿಂದ ಆಗುವಂತಿರಲಿಲ್ಲ. ಒಳಗಿನ ಪದರ ಹೊಸದು, ಕೇಬಲ್ ಹೊಸದು, ಯಾವ ಢಿಕ್ಕಿ ಇಟ್ಟುಕೊಳ್ಳಬೇಕು ಯಾವುದನ್ನು ಬಿಸಾಡಬೇಕು ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸುವ ಯಂತ್ರವೂ ಹೊಸದು. ಎರಡು ಮೂರು ವರ್ಷದ ಕೆಲಸ. ಅಲ್ಲಿಯವರೆಗೆ ದೀಪ ಉರಿಯುವುದಿಲ್ಲ.

ಮೊದಲ ವರ್ಷ ಊರು ಮನಸಾರೆ ಜಗಳವಾಡಿತು. ಅಜ್ಜಂದಿರ ಕಾಲದ ಗಂಟುಗಳನ್ನೂ ಬಿಚ್ಚಿದರು. ಎರಡನೆಯ ವರ್ಷಕ್ಕೆ ದಾಸ್ತಾನು ಮುಗಿಯಿತು. ಜನ ಪರಸ್ಪರ ನೋಡಿ ಆಕಳಿಸುವಷ್ಟು ಸಮಾಧಾನ ಊರಿಗೆ ಬಂತು. ಇಂದುಧರ ಮಾತ್ರ ಆ ಅಷ್ಟೂ ಕಾಲ ಗುಂಡಿಯೊಳಗೆ ಹಳೆಯ ಕೇಬಲ್ ಕೀಳುತ್ತಿದ್ದ. ಬೆಳಿಗ್ಗೆ ಹೋದರೆ ವಾರಿಜಾ ಮಲಗುವ ಹೊತ್ತಿಗೆ ಬರುತ್ತಿದ್ದ.

ಹೊಸ ಡಿಟೆಕ್ಟರಿನದು ಒಂದು ತೊಡಕಿತ್ತು. ಅದು ಎಷ್ಟು ಸೂಕ್ಷ್ಮವೆಂದರೆ ಸಿಟ್ಟು ಹೋಗಲಿ, ಬೇಸರದ ಒಂದು ನಿಟ್ಟುಸಿರೂ ಅದರಲ್ಲಿ ಗೆರೆಯಾಗಿ ಮೂಡುತ್ತಿತ್ತು. ಅದಕ್ಕೆ ಮೇಲ್ಸಮಿತಿ ಎರಡು ದಾರಿ ತೋರಿಸಿತು. ಹೊಸ ಯಂತ್ರಕ್ಕೆ ಸಿಟ್ಟಿನ ಗೆರೆ ಯಾವುದು, ಕಣದ ಗೆರೆ ಯಾವುದು ಎಂದು ಕಲಿಸಿ, ಸಿಟ್ಟನ್ನು ಅದೇ ಸೋಸಿ ಎಸೆಯುವಂತೆ ಮಾಡುವುದು ಒಂದು. ಅದಾಗದಿದ್ದರೆ ಗುಂಡಿಯ ಸುತ್ತಲಿನ ಬೀದಿಗಳನ್ನೆಲ್ಲ ಖಾಲಿ ಮಾಡಿಸುವುದು ಇನ್ನೊಂದು. ನಮ್ಮ ಬೀದಿ ಅದರಲ್ಲಿತ್ತು. ಸೋಸುವ ಯಂತ್ರಕ್ಕೆ ಊರಿನವರು ಜರಡಿ ಎಂದು ಹೆಸರಿಟ್ಟರು. ಎದುರುಮನೆಯ ಕೆಂಪಮ್ಮ ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತ ನನ್ನನ್ನು ಕೇಳುತ್ತಿದ್ದಳು, "ಜರಡಿ ಕಲ್ತ್ಕೊಂಡ್ತಾ ಸ್ವಾಮಿ? ಇಲ್ಲಾ ನಾನು ಪಾತ್ರೆ ಕಟ್ಲಾ?"

ಜರಡಿಗೆ ಕಲಿಸುವ ಹೊಣೆ ಇಂದುಧರನ ಪಾಲಿಗೆ ಬಂತು. ಯೋಜನೆಯ ಮುಖ್ಯಸ್ಥ ಡಾ. ರುಕ್ಮಾಂಗದ ಅವನ ಬೆನ್ನು ತಟ್ಟಿ ಹೇಳಿದರು, "ಊರಿನ ಸಿಟ್ಟು ನಿಮ್ಮಷ್ಟು ನೋಡಿದೋರು ಯಾರಿದಾರ್ರೀ? ಮಗುಗೆ ಕಾಗೆ ತೋರಿಸಿ ಕಾಗೆ ಅಂತ ಹೇಳಿಕೊಡಲ್ವಾ, ಹಾಗೆ. ಒಂದು ಒಳ್ಳೆ ಸಿಟ್ಟು ತೋರಿಸಿ ಸಾಕು." ಜರಡಿ ಕಲಿತರೆ ಇಂದುಧರನ ಹುದ್ದೆ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಆಡಲಿಲ್ಲ. ಹಳೆಯ ದಾಖಲೆಗಳು ಉಪಯೋಗಕ್ಕೆ ಬರಲಿಲ್ಲ. ಹೊಸ ಡಿಟೆಕ್ಟರಿನ ನೋಟವೇ ಬೇರೆ. ಹೊಸ ಪದರದ ಒಂದು ಭಾಗವನ್ನು ಗುಂಡಿಯ ಬಾಯಲ್ಲೇ ಇಟ್ಟು, ಬಳೆಯಲ್ಲಿ ತೆಳುವಾಗಿ ಕಣ ಹರಿಸಿ, ದೀಪ ಹೊತ್ತಿಸಿ, ಊರಿನವರಿಂದ ಹೊಸ ಜಗಳ ಮಾಡಿಸಬೇಕಿತ್ತು.

ಡಂಗುರ ಹೊಡೆಸಿದರು. ದೀಪ ಉರಿಯುವಾಗ ದಯವಿಟ್ಟು ಜಗಳವಾಡಿ ಎಂದು. ಮೊದಲು ಬಂದವರು ಟೈಲರ್ ದಸ್ತಗೀರ್ ಸಾಬರು ಮತ್ತು ಹೋಟೆಲಿನ ಬೋರಯ್ಯ. ಹೋಟೆಲಿನ ಹೊಗೆ ಹೊಲಿದಿಟ್ಟ ಬಟ್ಟೆಗೆ ಬಡಿಯುತ್ತದೆ ಎಂದು ಪ್ರತಿ ಚಳಿಗಾಲವೂ ಇಬ್ಬರೂ ಬೀದಿಗಿಳಿದು ಜಗಳವಾಡುತ್ತಿದ್ದರು. ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನಿಂತರು. ದೀಪ ಹತ್ತಿತು. "ನೀವೇ ಶುರು ಮಾಡಿ ಸಾಬ್ರೇ, ದೊಡ್ಡೋರು," ಎಂದ ಬೋರಯ್ಯ. "ಛೆ ಛೆ, ಹೊಗೆ ನಿಮ್ದು ಬೋರಯ್ಯ, ನೀವೇ ಹೇಳಿ," ಎಂದರು ಸಾಬರು. "ಹೊಗೆ ನಂದೇ, ಆದ್ರೆ ತಪ್ಪೂ ನಂದೇ ಅನ್ಸುತ್ತೆ ಈಗ." "ಇಲ್ಲ ಇಲ್ಲ, ಕಿಟಕಿ ನಾನು ಮುಚ್ಚ್ಕೋಬೋದಿತ್ತು." ಹೀಗೇ ಹೋಗಿ ಹೋಗಿ ಇಬ್ಬರೂ ತಬ್ಬಿಕೊಳ್ಳುವ ಹಂತಕ್ಕೆ ಬಂದಾಗ ಇಂದುಧರನೇ ಅವರನ್ನು ಬಿಡಿಸಿ ಮನೆಗೆ ಕಳಿಸಿದ. ಪರದೆ ಸ್ವಚ್ಛವಾಗಿತ್ತು. ಮೂವತ್ತು ವರ್ಷ ನಾಲಿಗೆ ಕಚ್ಚಿಕೊಂಡ ಊರಿಗೆ ದೀಪ ಕಂಡೊಡನೆ ವಿನಯ ತಾನಾಗಿ ಉಕ್ಕುತ್ತಿತ್ತು.

ನಾಟಕದ ಕಂಪನಿಯೊಂದನ್ನು ಕರೆಸಿದರು. ದುರ್ಯೋಧನನ ಪಾತ್ರಧಾರಿ ಗದೆ ಎತ್ತಿ ಆರ್ಭಟಿಸಿದ ರಭಸಕ್ಕೆ ಕಿಟಕಿಯ ಗಾಜು ನಡುಗಿತು. ಪರದೆಯ ಮೇಲೆ ಒಂದು ಚುಕ್ಕಿಯೂ ಏಳಲಿಲ್ಲ. ನಟ ಬೆವರೊರೆಸಿಕೊಳ್ಳುತ್ತ, "ಬಿತ್ತಾ ಸಾರ್?" ಎಂದು ಕೇಳಿದ. "ಬೀಳಲಿಲ್ಲ" ಎಂದೆ. ಅವನ ಮುಖ ಪೆಚ್ಚಾಯಿತು. ಆ ಪೆಚ್ಚಿನದು ಮಾತ್ರ ಒಂದು ಸಣ್ಣ ಗೆರೆ ಬಂತು, ಆದರೆ ಅದು ಪಾಠಕ್ಕೆ ಸಾಲದು. ಪದರವನ್ನು ಒಳಗಿಳಿಸಿ ಡಿಟೆಕ್ಟರ್ ಮುಚ್ಚುವ ದಿನ ಹತ್ತಿರವಾಗುತ್ತಿತ್ತು. ಮೇಲ್ಸಮಿತಿಯವರು ನಮ್ಮ ಬೀದಿಯ ಮನೆಗಳ ಗೋಡೆಗೆ ಸುಣ್ಣದಲ್ಲಿ ಗುರುತು ಹಾಕಿಸಿ ಹೋದರು.

ಅವತ್ತು ಮಧ್ಯಾಹ್ನ ಊಟದ ಹೊತ್ತು ದಾಟಿತ್ತು. ದೀಪ ಉರಿಯುತ್ತಿತ್ತು, ಸಿಟ್ಟಾಗಲು ಬಂದವರೆಲ್ಲ ಕ್ಷಮೆ ಕೇಳಿ ಹೋಗಿದ್ದರು. ಇಂದುಧರ ಪರದೆಗೆ ಮುಖವಿಟ್ಟು ಕೂತಿದ್ದ. ವಾರಿಜಾ ಧೂಳಿಲ್ಲದ ಕೋಣೆಯಿಂದ ಬಿಳಿ ನಿಲುವಂಗಿಯಲ್ಲೇ ಬಂದು, ಕೊನೆಯ ಬಿಲ್ಲೆಗಳ ಪರೀಕ್ಷೆ ಮುಗಿಯಿತು, ಎಲ್ಲ ಸರಿಯಾಗಿದೆ ಎಂದು ರುಕ್ಮಾಂಗದರಿಗೆ ತಿಳಿಸಿದಳು. ಅವರಿಗೆ ಸಂತೋಷವಾಯಿತು. "ಇನ್ನು ಅದನ್ನ ಗುಂಡಿಗಿಳಿಸಿ ಕೂರಿಸಬೇಕು. ಅದರ ಪೂರ್ತಿ ಮೇಲುಸ್ತುವಾರಿಗೆ ಒಬ್ಬರು ಬೇಕು ನೋಡಿ. ವಾರಿಜಾ ಅವರೇ ಯಾಕೆ..." ಎಂದು ಅವರು ಶುರು ಮಾಡಿದ್ದರು.

"ಅವಳಿಗೆ ಆಗಲ್ಲ ಸಾರ್," ಎಂದ ಇಂದುಧರ, ಪರದೆಯಿಂದ ಕಣ್ಣೆತ್ತದೆ. "ಇಳಾದು ಪರೀಕ್ಷೆ ವರ್ಷ." ಇವತ್ತು ಮೋಡ ಇದೆ ಅನ್ನುವ ಹಾಗೆ ಹೇಳಿದ. ಅವನ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ. ಅದೇ ಅದರ ಕಷ್ಟ.

ವಾರಿಜಾ ತಲೆಗೆ ಹಾಕಿದ ಬಿಳಿ ಟೊಪ್ಪಿಗೆಯನ್ನು ತೆಗೆದಳು. "ಯಾರನ್ನ ಕೇಳಿ ಹೇಳಿದ್ರಿ?" ಎಂದಳು. ದನಿ ಏರಲಿಲ್ಲ. ನನ್ನ ಪರದೆಯ ಎಡತುದಿಯಲ್ಲಿ ಒಂದು ಗೆರೆ ಎದ್ದಿತು.

"ಅಲ್ಲ, ಪರೀಕ್ಷೆ ಇದೆಯಲ್ಲ ಅಂತ..."

"ಅವತ್ತೂ ಹೀಗೇ ಹೇಳಿದ್ರಿ. ಬಳೆಯ ಆ ಬದಿ ಇರೋ ಆಚೆ ಗುಂಡಿಯಿಂದ ಸೋಮಯಾಜಿಯವರು ಫೋನ್ ಮಾಡಿದ್ರಲ್ಲ, ಅವತ್ತು. ನಾನು ಬಚ್ಚಲಲ್ಲಿ ಇಳಾಗೆ ನೀರು ಹಾಕ್ತಿದ್ದೆ. ಬಾಗಿಲು ತೆಗೆದೇ ಇತ್ತು. ಅಲ್ಲಿನ ಒಳಪದರಕ್ಕೆ ನನ್ನನ್ನ ಮುಖ್ಯಸ್ಥೆ ಮಾಡ್ತೀನಿ ಅಂದ್ರು ಅವರು, 'ಮುಖ್ಯಸ್ಥೆನಾ' ಅಂತ ನೀವು ಕೇಳಿದ್ದು ನನಗೆ ಕೇಳಿಸ್ತು. ನೀವು 'ಅವಳಿಗೆ ಆಗಲ್ಲ ಸಾರ್' ಅಂದ್ರಿ. ತಡೀರಿ, ಅವಳನ್ನೇ ಕೇಳ್ತೀನಿ ಅಂತ ಒಂದು ಮಾತು ಅಂದಿದ್ರೆ ಏನು ಗಂಟು ಹೋಗ್ತಿತ್ತು ನಿಮ್ಮದು? ಕೈಯಲ್ಲಿ ಸೋಪು ಹಚ್ಚಿದ ಮಗು, ಹೊರಗೆ ದೀಪ. ನುಂಗಿಕೊಂಡೆ. ಆಮೇಲೆ ದೀಪ ಆರಿದಾಗ ನೀವಿರಲಿಲ್ಲ. ನೀವು ಯಾವತ್ತೂ ಇರಲಿಲ್ಲ. ಊರಿನವರ ಮನೆ ಜಗಲಿ ಮೇಲೆಲ್ಲ ಕೂತು ಏನಾಯ್ತು ಹೇಳಿ ಅಂತೀರಲ್ಲ, ನಿಮ್ಮ ಮನೆ ಜಗಲಿ ಮೇಲೆ ಒಂದು ಸಲ ಕೂತಿದೀರಾ?"

ಗೆರೆಗಳು ಒಂದರ ಮೇಲೊಂದು ಏಳುತ್ತಿದ್ದವು. ನೀಟಾದ, ದಪ್ಪನೆಯ, ಪಠ್ಯಪುಸ್ತಕಕ್ಕೆ ಹಾಕುವಂಥ ಗೆರೆಗಳು. ಯಾರೋ ಸಂತೋಷಕ್ಕೆ ಕೂಗಲು ಹೋದರು. ರುಕ್ಮಾಂಗದರು ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸಿದರು. ಇಂದುಧರ ಎದ್ದು, "ವಾರಿಜಾ, ಇಲ್ಲಿ ಬೇಡ, ಮನೇಲಿ..." ಎಂದ. ರುಕ್ಮಾಂಗದರು ಅವನ ಭುಜ ಹಿಡಿದು, "ಬೇಕು ಬೇಕು, ಇಲ್ಲೇ ಬೇಕು. ಮುಂದುವರೆಸಿ ಅಮ್ಮ," ಎಂದು ಕೈಮುಗಿದರು. ಅಷ್ಟರಲ್ಲಿ ಇಂದುಧರನ ಕಣ್ಣು ಪರದೆಯ ಮೇಲೆ ಬಿತ್ತು. ತಿಂಗಳುಗಟ್ಟಲೆ ಕಾದದ್ದು ಅಲ್ಲಿತ್ತು. "ಬಂತು!" ಎಂದ ಅವನು. "ನೋಡಿ ಸಾರ್, ಎಷ್ಟು ಚೆನ್ನಾಗಿ ಬಂತು!" ಮಗಳು ಮೊದಲ ಮಾತಾಡಿದಾಗಲೂ ಅವನ ದನಿ ಹಾಗೆ ಅರಳಿರಲಿಕ್ಕಿಲ್ಲ.

ವಾರಿಜಾ ಮಾತು ನಿಲ್ಲಿಸಿದಳು. ಸುತ್ತ ನೋಡಿದಳು. ಕೋಣೆಯಲ್ಲಿದ್ದ ಅಷ್ಟೂ ಜನ ಪರದೆ ನೋಡುತ್ತಿದ್ದರು, ನಾನೂ ಸೇರಿ. ಅವಳು ಅಲ್ಲಿದ್ದ ಕುರ್ಚಿಯ ಮೇಲೆ ಕೂತು, ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟು, ಅದರ ಅಂಚನ್ನು ಸರಿಮಾಡತೊಡಗಿದಳು. ಒಂದು ಮಾತೂ ಇಲ್ಲ. ಆಗ ಪರದೆ ತುದಿಯಿಂದ ತುದಿಗೆ ತುಂಬಿಹೋಯಿತು. ಗುಂಡಿಯ ಬಾಯಲ್ಲಿಟ್ಟ ಒಂದು ಬಿಲ್ಲೆಯೂ ಸುಮ್ಮನಿರಲಿಲ್ಲ. "ಮಾತಿಗಿಂತ ಸುಮ್ಮನಿರೋದೇ ಚೆನ್ನಾಗಿ ಬೀಳುತ್ತೆ," ಎಂದು ರುಕ್ಮಾಂಗದರು ಪಿಸುಗುಟ್ಟಿದರು. ಅದನ್ನು ದಾಖಲು ಮಾಡುವುದು ನನ್ನ ಕೆಲಸವಾಗಿತ್ತು. ಮಾಡಿದೆ.

ಜರಡಿ ಕಲಿಯಿತು. ಒಂದೇ ಪಾಠಕ್ಕೆ ಕಲಿಯಿತು. ನಮ್ಮ ಬೀದಿ ಉಳಿಯಿತು. ಗೋಡೆಯ ಮೇಲಿನ ಸುಣ್ಣದ ಗುರುತುಗಳನ್ನು ಉಜ್ಜಿ ತೆಗೆದ ದಿನ ಬೀದಿಯವರೆಲ್ಲ ವಾರಿಜಾಳ ಮನೆಗೆ ಹೋಳಿಗೆ, ಹಣ್ಣು ತಂದುಕೊಟ್ಟರು. "ನಿಮ್ಮ ಜಗಳದಿಂದ ನಮ್ಮನೆ ಉಳೀತು ತಾಯಿ," ಎಂದು ಬೋರಯ್ಯ ಕೈಮುಗಿದ. ರುಕ್ಮಾಂಗದರು ಸಭೆ ಮಾಡಿ ಅವಳಿಗೆ ಶಾಲು ಹೊದಿಸಿದರು, ಪದರ ಕೂರಿಸುವ ಮೇಲುಸ್ತುವಾರಿಯನ್ನೂ ಕೊಟ್ಟರು. ಈ ಸಲ ಅವಳನ್ನೇ ಕೇಳಿದರು. ಅವಳು ಆಗಲಿ ಎಂದಳು. ಇಳಾ ಪರೀಕ್ಷೆ ಬರೆದು ಪಾಸೂ ಆದಳು, ಅಪ್ಪ ಮಾಡಿದ ಉಪ್ಪಿಟ್ಟು ತಿಂದುಕೊಂಡು.

ಬಳೆ ಮತ್ತೆ ತಿರುಗತೊಡಗಿತು. ಇನ್ನು ಊರಿನವರು ಯಾವಾಗ ಬೇಕಾದರೂ ಸಿಟ್ಟಾಗಬಹುದಿತ್ತು. ಜರಡಿ ಅದನ್ನು ಹುಟ್ಟಿದ ಕ್ಷಣವೇ ಎಸೆದುಬಿಡುತ್ತಿತ್ತು. ವರ್ಷವಿಡೀ ರಂಪ ನಡೆಯುತ್ತದೆ ಎಂದು ಎಲ್ಲರೂ ಹೆದರಿದ್ದರು. ಆದದ್ದು ಬೇರೆ. ಜನಕ್ಕೆ ಜಗಳದಲ್ಲಿ ರುಚಿಯೇ ಹತ್ತಲಿಲ್ಲ. ಕೆಂಪಮ್ಮ ಸೊಸೆಯ ಮೇಲೆ ರೇಗಿ ಬೀದಿಗೆ ಬಂದು ನಿಂತವಳು, ಯಾರೂ ಬರದ್ದನ್ನು ಕಂಡು ನಮ್ಮ ಬಾಗಿಲಿಗೆ ಬಂದಳು. "ಮುಂಚೆ ನಾನು ಮೂಗು ಕೆಂಪು ಮಾಡ್ಕೊಂಡ್ರೆ ಸಾಕು, ಸರ್ಕಾರನೇ ನಡ್ಕೊಂಡ್ ಬಂದು ಏನಾಯ್ತವ್ವ ಅಂತಿತ್ತು. ಈಗ ಗಂಟ್ಲು ಹರ್ಕೊಂಡ್ರೂ ನಾಯಿ ತಿರುಗ್ ನೋಡಾಕಿಲ್ಲ. ಇದ್ಯಾವ ಸೀಮೆ ಉಪಕಾರ ಮಾಡುದ್ರಿ ಸ್ವಾಮಿ?" ಎಂದಳು.

ಇಂದುಧರನ ಮೇಜನ್ನು ತೆಗೆದರು. ಅವನಿಗೆ ಕೇಬಲ್ ವಿಭಾಗದಲ್ಲಿ ಏನೋ ಕೆಲಸ ಕೊಟ್ಟಿದ್ದರು, ಮಧ್ಯಾಹ್ನಕ್ಕೆಲ್ಲ ಮುಗಿಯುವಂಥದು. ಈಗ ಅವನು ಸಂಜೆ ಮನೆಯಲ್ಲಿರುತ್ತಿದ್ದ. ವಾರಿಜಾ ಗುಂಡಿಯಿಂದ ಬರುವ ಹೊತ್ತಿಗೆ ಅನ್ನಕ್ಕಿಟ್ಟು, ತಮ್ಮ ಜಗಲಿಯ ಮೇಲೆ ಬಂದು ಕೂರುತ್ತಿದ್ದ. "ಏನಾಯ್ತು ಹೇಳು," ಅನ್ನುತ್ತಿದ್ದ. ಅವಳು, "ಏನಿಲ್ಲ, ಕಾಲು ನೋಯ್ತಿದೆ," ಎಂದು ಒಳಗೆ ಹೋಗುತ್ತಿದ್ದಳು. ಹೀಗೆ ಎಷ್ಟೋ ಸಂಜೆಗಳು ಕಳೆದವು. ಊರಿನ ಅಷ್ಟು ಮನೆಗಳಲ್ಲಿ ನಡೆದ ಅವನ ಮಂತ್ರ ಅವನ ಮನೆಯಲ್ಲಿ ನಡೆಯಲಿಲ್ಲ. ಒಂದು ದಿನ ನನ್ನ ಹತ್ತಿರ ಹೇಳಿದ, "ಅವಳ ಸಿಟ್ಟು ಜರಡೀಲಿದೆ. ಊರೆಲ್ಲ ಅದನ್ನ ನೋಡಿದೆ. ನನಗೆ ಮಾತ್ರ ಈಗ ಒಂದು ಚೂರೂ ಕಾಣಲ್ಲ ಕಣಯ್ಯ." ಪರದೆಯಿಲ್ಲದೆ ಹೆಂಡತಿಯ ಮುಖ ಓದುವುದು ಅವನಿಗೆ ಬರುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕತೆ ಅವನಲ್ಲಿತ್ತು.

ಕೊನೆಗೆ ಅವನು ಕೇಳುವುದನ್ನು ಬಿಟ್ಟು ಹೇಳಿದ. ಭಾನುವಾರ ಬೆಳಿಗ್ಗೆ, ನಾನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ; ಅವರಿಬ್ಬರೂ ಬೇಲಿಯ ಆಚೆ ಕಾಫಿ ಹಿಡಿದು ಕೂತಿದ್ದರು. "ಪರೀಕ್ಷೆಯೂ ಅಲ್ಲ, ಮಗುವೂ ಅಲ್ಲ," ಎಂದ. "ಅವತ್ತು ನನಗೆ ಭಯ ಆಯ್ತು. ನೀನು ಆಚೆ ಗುಂಡಿಗೆ ಮುಖ್ಯಸ್ಥೆ ಆದ್ರೆ ನಾನು ವಾರಿಜಾ ಅವರ ಯಜಮಾನ್ರು ಅಂತಾಗ್ತೀನಿ ಅಂತ. ಅದಕ್ಕೇ ಹಾಗಂದೆ."

ವಾರಿಜಾ ಕಾಫಿ ಕುಡಿದು ಮುಗಿಸಿದಳು. "ಅದು ನನಗೆ ಬಚ್ಚಲಲ್ಲೇ ಗೊತ್ತಾಯ್ತು. ನೀವು ಹೇಳ್ತೀರಾ ಅಂತ ನೋಡ್ತಿದ್ದೆ," ಎಂದಳು. "ಈಗ ಇದನ್ನ ನನಗೆ ಹೇಳಿದ್ರೆ ಏನು ಬಂತು? ಸೋಮಯಾಜಿಯವರಿಗೆ ಹೇಳಿ. ಅವರ ಮನಸ್ಸಲ್ಲಿ ನಾನು ಬೇಡ ಅಂದವಳಾಗಿ ಉಳಿದಿದೀನಿ. ಬನ್ನಿ, ನಾನೂ ಬರ್ತೀನಿ." ಬೇಲಿಯ ಮೇಲಿಂದ ನನ್ನನ್ನು ನೋಡಿ, "ಅಣ್ಣ, ನಿಮ್ಮ ಗಾಡಿ ಓಡತ್ತಾ ಇವತ್ತು?" ಎಂದು ಕೇಳಿದಳು. ನನ್ನ ಹಳೆಯ ವ್ಯಾನು ಓಡುತ್ತಿತ್ತು.

ಸೋಮಯಾಜಿಯವರು ನಿವೃತ್ತರಾಗಿ, ಬಳೆಯ ಆಚೆ ಬದಿಯ ಹಳ್ಳಿಯಲ್ಲಿ ಸೀತಾಫಲದ ಗಿಡ ಬೆಳೆಸಿಕೊಂಡಿದ್ದರು. ಕಿವಿ ಪೂರ್ತಿ ಮಂದವಾಗಿತ್ತು. ನಮ್ಮನ್ನು ಕಂಡು ಹಿಗ್ಗಿ ಮಜ್ಜಿಗೆ ಕೊಟ್ಟರು, ಒಂದೊಂದೇ ಗಿಡದ ವಿಷಯ ಹೇಳಿದರು. ಇಂದುಧರ ಲೋಟ ಕೆಳಗಿಟ್ಟು, ಮೆಲ್ಲಗೆ ತಾನು ಬಂದ ಕಾರಣ ಹೇಳಿದ. ಅವರು ಕಿವಿಗೆ ಕೈ ಹಿಡಿದು, "ಏನಂದ್ರಿ?" ಎಂದರು. ಅವನು ಸ್ವಲ್ಪ ಜೋರಾಗಿ ಹೇಳಿದ. "ಯಾರಿಗೆ ಆಗಲ್ಲ?" ಎಂದರು. ಇಂದುಧರ ವಾರಿಜಾಳ ಕಡೆ ನೋಡಿದ. ಅವಳು ನೆರವಿಗೆ ಬರಲಿಲ್ಲ. ಸೀತಾಫಲದ ಎಲೆ ತಿರುವಿ ನೋಡುತ್ತಿದ್ದಳು. ಅವನು ಉಸಿರೆಳೆದುಕೊಂಡು, ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದ, "ಅವಳಿಗೆ ಆಗಲ್ಲ ಅಂತ ಅವಳು ಹೇಳಿರಲಿಲ್ಲ ಸಾರ್! ಅವಳನ್ನ ಕೇಳದೇ ನಾನೇ ಹೇಳಿಬಿಟ್ಟೆ! ಅವಳು ಬರ್ತಿದ್ಲು!" ಅಕ್ಕಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಜೀವಮಾನದಲ್ಲಿ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಸೋಮಯಾಜಿಯವರಿಗೆ ಈಗ ಅರ್ಥವಾಯಿತು. ಬೊಚ್ಚು ಬಾಯಲ್ಲಿ ನಕ್ಕರು. "ಆ ಹುದ್ದೆನಾ? ಅಯ್ಯೋ ಮಾರಾಯ, ಅದು ಆಗಲೇ ಇಲ್ಲವಲ್ಲ! ನಿಮಗೆ ಫೋನ್ ಮಾಡಿದ ವಾರಕ್ಕೇ ಮೇಲ್ಸಮಿತಿಯವರು ರದ್ದು ಮಾಡಿದ್ರು. ಒಳಪದರವೇ ಬೇಡ ಅಂದ್ಬಿಟ್ರು. ಇವರು ಬೇಡ ಅಂದದ್ದೇ ಒಳ್ಳೇದಾಯ್ತು, ಇಲ್ಲಾಂದ್ರೆ ಇವರ ಮುಂದೆ ನಾನು ತಲೆತಗ್ಗಿಸಬೇಕಿತ್ತು ಅಂತ ಆಗಾಗ ಅಂದುಕೊಳ್ತಿದ್ದೆ!"

ಇಂದುಧರನ ಮುಖದಲ್ಲಿ ಬಿಡುಗಡೆಯ ಒಂದು ಸಣ್ಣ ಬೆಳಕು ಬಂದುಹೋದದ್ದನ್ನು ನಾನು ನೋಡಿದೆ. ವಾರಿಜಾ ಕೂಡ ನೋಡಿದಳು. ಅವಳು ಸೋಮಯಾಜಿಯವರ ಹತ್ತಿರ ಹೋಗಿ, ಅವರ ಕಿವಿಗೆ ಬಾಗಿ, ಸ್ಪಷ್ಟವಾಗಿ, "ಆದ್ರೂ ಸಾರ್, ಕೇಳಿದ್ದಿದ್ರೆ ನಾನು ಹೂಂ ಅಂತಿದ್ದೆ. ಅದು ನಿಮಗೆ ತಿಳಿದಿರಲಿ," ಎಂದಳು. "ತಿಳೀತಮ್ಮ," ಎಂದರು ಅವರು, ನಗು ನಿಲ್ಲಿಸಿ. ಹೊರಡುವಾಗ ಒಂದು ಬುಟ್ಟಿ ಸೀತಾಫಲ ಕೊಟ್ಟರು.

ವ್ಯಾನಿನಲ್ಲಿ ಹಿಂದಿನ ಸೀಟಿನಲ್ಲಿ ಇಬ್ಬರೂ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕೂತರು. ಸ್ವಲ್ಪ ದೂರ ಬಂದ ಮೇಲೆ ಇಂದುಧರ, ಹೆದರಿ ಹೆದರಿ, "ಹಾಗಾದ್ರೆ ಆ ಹುದ್ದೆ ಇರಲೇ ಇಲ್ಲ," ಎಂದ.

"ಹುದ್ದೆ ಇರಲಿಲ್ಲ. ನೀವು ಹೇಳಿದ್ದು ಇತ್ತಲ್ಲ."

"ಇತ್ತು, ಇಲ್ಲ ಅನ್ನಲ್ಲ. ಆದ್ರೆ ನೀನೂ ಒಂದು ಮಾತು ಕೇಳಬಹುದಿತ್ತಲ್ಲ ವಾರಿಜಾ? ಇಷ್ಟು ವರ್ಷ ನನಗೆ ಊಟ ಬಡಿಸಿದೀಯ, ಒಂದು ದಿನವಾದ್ರೂ... ನನ್ನ ಮನೇಲಿ ನಾನು ನೆಂಟನ ಹಾಗೆ ಇದ್ದೆ. ಯಾಕೆ ಅಂತ ಗೊತ್ತಿಲ್ಲದೆ!" ಅವನ ದನಿ ಏರಿತ್ತು. ಅವನಿಗೇ ಅದು ಆಶ್ಚರ್ಯವಾದಂತಿತ್ತು.

"ಕೂಗ್ತಿದೀರಾ ನೀವು?" ಎಂದಳು ವಾರಿಜಾ.

"ಹೌದು, ಕೂಗ್ತಿದೀನಿ!"

"ಕೂಗಿ ಹಾಗಾದ್ರೆ. ಆಮೇಲೆ ನಂದಿದೆ," ಎಂದು ಅವಳು ಬುಟ್ಟಿಯನ್ನು ಎತ್ತಿ ಮುಂದಿನ ಸೀಟಿಗೆ, ನನ್ನ ಪಕ್ಕಕ್ಕೆ ಇಟ್ಟು, ಅವನ ಕಡೆ ತಿರುಗಿ ಕೂತಳು.

ಮುಂದೆ ಕವಲುದಾರಿ ಬಂತು. ಎಡಕ್ಕೆ ತಿರುಗಿದರೆ ಊರು ಹತ್ತಿರ. ನಾನು ಬಲಕ್ಕೆ, ಕೆರೆಯ ಏರಿ ಬಳಸಿ ಹೋಗುವ ದಾರಿಗೆ ಗಾಡಿ ಹೊರಳಿಸಿದೆ. ಹಿಂದೆ ಇಬ್ಬರಿಗೂ ಅದು ಗೊತ್ತಾಗಲಿಲ್ಲ.